ಅಂಕಿ ಯಂತ್ರದ್ದು, ಅಂತಸ್ತು ಲೇಖಕರದ್ದು

ವಂಚನೆಗೆ ಶಿಕ್ಷೆ ಹೇಳುತ್ತಿದ್ದ ಭಾರತೀಯ ದಂಡ ಸಂಹಿತೆಯ 420ನೆಯ ಕಲಂ 2024ರ ಜುಲೈ 1ರಿಂದ ಹೊಸ ಅಪರಾಧಗಳಿಗೆ ಅನ್ವಯಿಸುವುದಿಲ್ಲ. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆ 318ನೆಯ ಪ್ರಕರಣಕ್ಕೆ ಸೇರಿದೆ. ಕೊಲೆಯ ಶಿಕ್ಷೆ 302ರಿಂದ 103ಕ್ಕೆ ಬಂದಿದೆ. 511 ಕಲಂಗಳಿದ್ದ ಕಾನೂನು 358ಕ್ಕೆ ಇಳಿದಿದೆ. ಆದರೂ ಊರಿನ ಮೋಸಗಾರ ಇನ್ನೂ ‘ಫೋರ್ ಟ್ವೆಂಟಿ’ಯೇ, ಅವನನ್ನು ‘ತ್ರೀ ಏಟೀನ್’ ಎಂದು ಬೈಯುವವರು ಯಾರೂ ಹುಟ್ಟಿಲ್ಲ. ಪಠ್ಯದ ಒಳಗಿನ ಕ್ರಮ ತೋರಿಸಲು 1860ರಲ್ಲಿ ಇಟ್ಟ ಅಂಕಿ, ಜನರ ಬಾಯಲ್ಲಿ ಓಡಾಡಿ ಓಡಾಡಿ ಹೆಸರೇ ಆಗಿಬಿಟ್ಟಿತು. ಹೆಸರು ಬದಲಾದಾಗ ಆಗುವ ಎಲ್ಲ ಗೊಂದಲವೂ ಈಗ ಅಂಕಿ ಬದಲಾದದ್ದರಿಂದ ಆಗುತ್ತಿದೆ: ವಕೀಲರು, ಪೊಲೀಸರು, ವರದಿಗಾರರು ಹಳೆಯದು ಯಾವುದು, ಹೊಸದು ಯಾವುದು ಎಂದು ಹೋಲಿಕೆಯ ಪಟ್ಟಿ ನೋಡಿಕೊಂಡು ಕೆಲಸ ಮಾಡಬೇಕಾಗಿದೆ. ಕಂಪ್ಯೂಟರಿನ ಒಂದು ಸಣ್ಣ ಪ್ರಶ್ನೆಯನ್ನು ದಂಡ ಸಂಹಿತೆಯಿಂದ ಶುರು ಮಾಡುವುದು ಅತಿಯಾಯಿತು ಎನ್ನಿಸಬಹುದು. ಆದರೆ ಅಂಕಿ ಯಾವಾಗ ಬರಿಯ ಲೆಕ್ಕ, ಯಾವಾಗ ಹೆಸರು ಎನ್ನುವುದು ಬಿಡಿಸದೆ ಆ ಸಣ್ಣ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಪ್ರಶ್ನೆ ಇಷ್ಟೇ. ವರ್ಡ್ ಪ್ರೊಸೆಸರ್‌ನಲ್ಲಿ ಸಂಶೋಧನ ಪ್ರಬಂಧವನ್ನೋ ಇಲಾಖೆಯ ವರದಿಯನ್ನೋ ಪಠ್ಯಪುಸ್ತಕವನ್ನೋ ಸಿದ್ಧಪಡಿಸುವವರು ಶೀರ್ಷಿಕೆಗಳ ಮುಂದಿನ 1, 1.1, 1.1.1 ಎಂಬ ಅಂಕಿಗಳನ್ನು ತಾವೇ ಒತ್ತಬೇಕೆ, ತಂತ್ರಾಂಶವೇ ಹಾಕುವಂತೆ ಹೊಂದಿಸಬೇಕೆ? ಕನ್ನಡದಲ್ಲಿ ಬಹುಪಾಲು ಜನ ಮೊದಲನೆಯದನ್ನೇ ಮಾಡುತ್ತಾರೆ, ಡಿಟಿಪಿ ಅಂಗಡಿಯವರಂತೂ ಕಣ್ಣುಮುಚ್ಚಿ ಮಾಡುತ್ತಾರೆ. ಅದು ಸೋಮಾರಿತನವಲ್ಲ, ಅಂಕಿ ಒತ್ತುವುದೇ ಹೆಚ್ಚು ಶ್ರಮದ ಕೆಲಸ. ತಪ್ಪು ಇರುವುದು ತಿಳಿವಳಿಕೆಯಲ್ಲಿ. ಒಂದು ಶೀರ್ಷಿಕೆಗೆ ಮೂರು ಸಂಗತಿಗಳು ಅಂಟಿಕೊಂಡಿರುತ್ತವೆ. ಅದರ ಅಂತಸ್ತು, ಅಂದರೆ ಅದು ಅಧ್ಯಾಯವೋ ಅಧ್ಯಾಯದ ಭಾಗವೋ ಭಾಗದ ಉಪಭಾಗವೋ ಎಂಬುದು. ಅದರ ಗುರುತು, ಅಂದರೆ ಎಲ್ಲಿಗೆ ಸರಿಸಿದರೂ ‘ಇದು ಅದೇ’ ಎನ್ನಿಸುವ ಗುಣ. ಮೂರನೆಯದು ಅದರ ಅಂಕಿ. ಅಂತಸ್ತನ್ನು ನಿರ್ಧರಿಸಬಲ್ಲವರು ಲೇಖಕರು ಮಾತ್ರ. ಗುರುತೂ ಅವರು ಕೊಟ್ಟದ್ದೇ. ಅಂಕಿ ಮಾತ್ರ ಅವೆರಡರಿಂದ ಹುಟ್ಟುವ ಲೆಕ್ಕ. ಎಣಿಸಿದರೆ ಸಿಗುತ್ತದೆ, ಯೋಚಿಸಬೇಕಾಗಿಲ್ಲ. ಕೈಯಿಂದ ‘3.2’ ಎಂದು ಒತ್ತಿದವರು ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತಾರೆ. ಆಮೇಲೆ ಒಂದನ್ನು ಅಲುಗಿಸಿದರೂ ಮಿಕ್ಕೆರಡು ಬಿಚ್ಚಿಕೊಳ್ಳುತ್ತವೆ.

ಎಷ್ಟು ಬಿಚ್ಚಿಕೊಳ್ಳುತ್ತವೆ ಎಂದು ಎಣಿಸಿ ನೋಡಬಹುದು. ಆರು ಅಧ್ಯಾಯಗಳ ಒಂದು ಪ್ರಬಂಧ, ಅಧ್ಯಾಯಕ್ಕೆ ಐದು ಭಾಗ, ಭಾಗಕ್ಕೆ ಮೂರು ಉಪಭಾಗ ಎಂದಿಟ್ಟುಕೊಳ್ಳೋಣ. ಒಟ್ಟು 126 ಅಂಕಿಗಳು. ಮಾರ್ಗದರ್ಶಕರು ಮೂರನೆಯ ಅಧ್ಯಾಯದಲ್ಲಿ ಮೊದಲ ಭಾಗವಾದ ಮೇಲೆ ಹೊಸದೊಂದು ಭಾಗ ಸೇರಿಸಿ ಎಂದರೆ ಹಿಂದಿದ್ದ ನಾಲ್ಕು ಭಾಗಗಳೂ ಅವುಗಳ ಹನ್ನೆರಡು ಉಪಭಾಗಗಳೂ ಸರಿಯಬೇಕು: 16 ತಿದ್ದುಪಡಿ. ಪರಿವಿಡಿಯಲ್ಲಿ ಮತ್ತೆ ಅದೇ 16. ಮೊದಲ ಅಧ್ಯಾಯದ ಬೆನ್ನಿಗೆ ಹೊಸ ಅಧ್ಯಾಯವನ್ನೇ ಸೇರಿಸಿ ಎಂದರೆ 126ರಲ್ಲಿ 105 ಅಂಕಿಗಳು ಬದಲಾಗುತ್ತವೆ. ಇದಕ್ಕೆ ‘3.2ರಲ್ಲಿ ಚರ್ಚಿಸಿದಂತೆ’ ಎಂದು ಅಲ್ಲಲ್ಲಿ ಬರೆದ ಉಲ್ಲೇಖಗಳು, ಅಧ್ಯಾಯದ ಅಂಕಿ ಹೊತ್ತ ಕೋಷ್ಟಕ, ಚಿತ್ರಗಳು ಸೇರಿಲ್ಲ. ಹುಡುಕಿ ಬದಲಿಸುವ ಆಜ್ಞೆ ಇದೆಯಲ್ಲ ಎನ್ನುವವರಿದ್ದಾರೆ. 3.1 ಇದ್ದಲ್ಲೆಲ್ಲ 4.1 ಮಾಡು ಎಂದರೆ ಅದು 13.1ನ್ನು 14.1 ಮಾಡುತ್ತದೆ, ಗಣಿತದ ಪ್ರಬಂಧವಾದರೆ ವೃತ್ತದ ಪರಿಧಿಯ 3.14ನ್ನೂ ಬಿಡುವುದಿಲ್ಲ. ಬೈಂಡಿಂಗ್‌ಗೆ ಹೋಗುವ ಹಿಂದಿನ ರಾತ್ರಿ ಮಾಡುವ ಈ ತಿದ್ದುಪಡಿಗಳಲ್ಲಿ ಒಂದೆರಡು ತಪ್ಪಿಹೋಗುವುದು ಖಚಿತ. ಕೆಟ್ಟದ್ದೆಂದರೆ ತಪ್ಪಿದ ಅಂಕಿಯೂ ಸರಿಯಾದ ಅಂಕಿಯ ಹಾಗೆಯೇ ಕಾಣುತ್ತದೆ. ಕಾಗುಣಿತದ ತಪ್ಪಿನಂತೆ ಕಣ್ಣಿಗೆ ಚುಚ್ಚುವುದಿಲ್ಲ.

ಪಠ್ಯದ ಭಾಗಗಳಿಗೆ ವಿಳಾಸ ಕೊಡುವ ಚಿಂತೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಕುಮಾರವ್ಯಾಸ ಭಾರತದ ಒಂದು ಪದ್ಯವನ್ನು ಪರ್ವ, ಸಂಧಿ, ಪದ್ಯ ಎಂಬ ಮೂರು ಮೆಟ್ಟಿಲಲ್ಲಿ ಹಿಡಿಯುತ್ತೇವೆ. ಪಂಪನಲ್ಲಿ ಆಶ್ವಾಸ, ಪದ್ಯ ಎಂಬ ಎರಡೇ ಮೆಟ್ಟಿಲು. ಪಾಣಿನಿಯ ಅಷ್ಟಾಧ್ಯಾಯಿಯ ಎಂಟು ಅಧ್ಯಾಯ, ಅಧ್ಯಾಯಕ್ಕೆ ನಾಲ್ಕು ಪಾದಗಳನ್ನು ಇಂದಿನ ವಿದ್ವಾಂಸರು 1.1.1ರಿಂದ 8.4.68ರವರೆಗೆ ಅಂಕಿಯಲ್ಲಿ ಬರೆಯುತ್ತಾರೆ. ನೋಡಲು ವರ್ಡ್‌ನ ಹೆಡಿಂಗ್‌ಗಳ ಹಾಗೆಯೇ. ಆದರೆ ಅಲ್ಲಿ ಸ್ಥಾನವೇ ಅರ್ಥ. ಎರಡು ಸೂತ್ರಗಳು ಒಂದಕ್ಕೊಂದು ಅಡ್ಡ ಬಂದರೆ ಮುಂದಿನದು ಗೆಲ್ಲುತ್ತದೆ ಎಂದು ಪಾಣಿನಿಯೇ 1.4.2ರಲ್ಲಿ ಕಟ್ಟು ಮಾಡಿದ್ದಾನೆ. ಸೂತ್ರವೊಂದನ್ನು ಆಚೀಚೆ ಸರಿಸಿದರೆ ವ್ಯಾಕರಣವೇ ಕೆಡುತ್ತದೆ. ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ 1921ರಲ್ಲಿ ಅಚ್ಚಾದ ಟ್ರಾಕ್ಟೇಟಸ್ ಗ್ರಂಥದ ವಾಕ್ಯಗಳಿಗೆ ದಶಮಾಂಶದ ಅಂಕಿ ಕೊಟ್ಟು, ಅಂಕಿ ಆಯಾ ಮಾತಿನ ತಾರ್ಕಿಕ ತೂಕವನ್ನು ಹೇಳುತ್ತದೆ ಎಂದು ಮೊದಲ ಪುಟದ ಅಡಿಯಲ್ಲೇ ಸೂಚಿಸಿದ. ಏಳು ಮುಖ್ಯ ವಾಕ್ಯಗಳಿಂದ ಕವಲೊಡೆಯುತ್ತ ಅದು 5.47321ರಂಥ ಅಂಕಿಗಳವರೆಗೂ ಹೋಗುತ್ತದೆ. ತತ್ತ್ವಶಾಸ್ತ್ರಕ್ಕೆ ಆ ಹೊರೆ ಸಲ್ಲಬಹುದು. ತಾಲ್ಲೂಕು ಪಂಚಾಯಿತಿಯ ಕುಡಿಯುವ ನೀರಿನ ವರದಿಗೆ ಸಲ್ಲದು.

ಬೆಂಗಳೂರಿನವರು ಇಲ್ಲಿ ನೆನೆಯಬೇಕಾದವರು ಎಸ್‌. ಆರ್‌. ರಂಗನಾಥನ್‌. ಗ್ರಂಥಾಲಯ ವಿಜ್ಞಾನಕ್ಕೆ 1933ರಲ್ಲಿ ಕೋಲನ್ ವರ್ಗೀಕರಣ ಕೊಟ್ಟ ಅವರು ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು 1962ರಲ್ಲಿ ಇಲ್ಲೇ ಆರಂಭಿಸಿದರು. ಅವರು ತಮ್ಮ ಪುಸ್ತಕಗಳ ಭಾಗಗಳಿಗೆ ದಶಮಾಂಶ ಭಿನ್ನರಾಶಿಯಂತೆ ಅಂಕಿ ಕೊಡುತ್ತಿದ್ದರು: 1, 11, 111, 12 ಎಂಬ ಕ್ರಮ. ಇದರ ಲಾಭ ಏನೆಂದರೆ 12ಕ್ಕೂ 13ಕ್ಕೂ ನಡುವೆ ಹೊಸದೇನಾದರೂ ಬಂದರೆ 125 ಎಂದು ತೂರಿಸಬಹುದು, ಹಳೆಯ ಅಂಕಿ ಒಂದೂ ಅಲುಗದು. ನಾವು ಇಂದು ಬಳಸುವ ಚುಕ್ಕಿಯ ಪದ್ಧತಿಗೆ ಆ ಗುಣವಿಲ್ಲ. ಅದು ದಶಮಾಂಶದಂತೆ ಕಂಡರೂ ದಶಮಾಂಶವಲ್ಲ, ಅಲ್ಲಿ 1.9 ಆದ ಮೇಲೆ 1.10 ಬರುತ್ತದೆ. ಕಡತಗಳಿಗೆ ಹಾಗೆ ಹೆಸರಿಟ್ಟರೆ ಕೆಲವು ತಂತ್ರಾಂಶಗಳಲ್ಲಿ 1.10 ಎಂಬುದು 1.2ಕ್ಕಿಂತ ಮೊದಲು ಬಂದು ಕೂರುವುದೂ ಈ ವೇಷದಿಂದಲೇ. ಚುಕ್ಕಿಯ ಪದ್ಧತಿಯನ್ನು 1978ರ ಐಎಸ್‌ಒ 2145 ಮಾನದಂಡ ಕ್ರಮಬದ್ಧಗೊಳಿಸಿತು. ಮೆಟ್ಟಿಲುಗಳ ನಡುವೆ ಚುಕ್ಕಿ ಇರಬೇಕು, ಕೊನೆಯ ಅಂಕಿಯ ಮುಂದೆ ಇರಬಾರದು ಎಂಬುದು ಅದರ ನಿಯಮ. ‘1.1.’ ಎಂದು ಬಾಲದ ಚುಕ್ಕಿ ಇಡುವ ನಮ್ಮ ಅಭ್ಯಾಸ ಅದಕ್ಕೆ ಒಪ್ಪುವುದಿಲ್ಲ, ಆದರೆ ಅದರಿಂದ ಯಾರಿಗೂ ನಷ್ಟವಿಲ್ಲ.

ಯಂತ್ರಕ್ಕೆ ಎಣಿಕೆ ಒಪ್ಪಿಸಿದವರು ಸ್ಥಾನದಿಂದ ಹುಟ್ಟುವ ಅಂಕಿ ಬೇರೆ, ಅಲುಗದ ಗುರುತು ಬೇರೆ ಎಂಬ ಭೇದವನ್ನು ಮೊದಲಿನಿಂದಲೂ ಬಲ್ಲವರಾಗಿದ್ದರು. ಡಗ್ಲಾಸ್ ಎಂಗಲ್‌ಬಾರ್ಟ್ 1968ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೋರಿಸಿದ ವ್ಯವಸ್ಥೆಯಲ್ಲಿ ಪ್ರತಿ ಹೇಳಿಕೆಗೂ ಅದರ ಸ್ಥಾನಕ್ಕೆ ತಕ್ಕ ಅಂಕಿಯನ್ನು ಯಂತ್ರವೇ ಕೊಡುತ್ತಿತ್ತು. ಹೇಳಿಕೆ ಸರಿದರೆ ಅಂಕಿಯೂ ಬದಲಾಗುತ್ತಿತ್ತು. ಆ ವ್ಯವಸ್ಥೆ ಬೆಳೆದಂತೆ ಅದಕ್ಕೆ ಇನ್ನೊಂದು ಬಗೆಯ ಅಂಕಿಯೂ ಸೇರಿತು: ಹುಟ್ಟಿದಾಗ ಕೊಟ್ಟದ್ದು, ಎಲ್ಲಿಗೆ ಒಯ್ದರೂ ಬದಲಾಗದ್ದು. ಮನೆಯ ಬಾಗಿಲಿನ ನಂಬರು ಬೇರೆ, ಮನುಷ್ಯನ ಆಧಾರ್ ನಂಬರು ಬೇರೆ ಎನ್ನುವ ಹಾಗೆ. ಬ್ರಯಾನ್ ರೀಡ್ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1980ರ ತಮ್ಮ ಪ್ರಬಂಧಕ್ಕಾಗಿ ಕಟ್ಟಿದ ‘ಸ್ಕ್ರೈಬ್’ ತಂತ್ರಾಂಶ ಬರಹಗಾರರಿಂದ ಕೇಳಿದ್ದು ಇದು ಅಧ್ಯಾಯ, ಇದು ಭಾಗ ಎಂಬ ಘೋಷಣೆಯನ್ನಷ್ಟೆ. ಎಣಿಕೆ, ಅಲಂಕಾರ ಎರಡೂ ಯಂತ್ರದ ಪಾಲಿಗೆ. ಡೊನಾಲ್ಡ್ ಕನೂತ್ ಅವರ ಅಕ್ಷರಜೋಡಣೆಯ ತಂತ್ರಾಂಶ ‘ಟೆಕ್’ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ ‘ಲೇಟೆಕ್’ ಅದೇ ದಾರಿಯಲ್ಲಿ ನಡೆಯಿತು. ಅದರಲ್ಲಿ ಲೇಖಕರು ಶೀರ್ಷಿಕೆಗೆ ತಮಗೆ ಬೇಕಾದ ಒಂದು ಹೆಸರು ಕಟ್ಟುತ್ತಾರೆ, ಬೇರೆಡೆ ಆ ಹೆಸರನ್ನೇ ಕರೆಯುತ್ತಾರೆ. ಯಂತ್ರ ಎರಡು ಸುತ್ತು ಓಡಿ, ಮೊದಲ ಸುತ್ತಿನಲ್ಲಿ ಎಣಿಸಿ, ಎರಡನೆಯದರಲ್ಲಿ ಹೆಸರಿದ್ದಲ್ಲಿ ಅಂಕಿ ತುಂಬುತ್ತದೆ. ಲೇಟೆಕ್ ಬಳಸುವ ಗಣಿತದವರು ಅಂಕಿ ತಪ್ಪಿಸುವುದು ಅಪರೂಪ. ಅವರು ಹೆಚ್ಚು ಎಚ್ಚರದವರು ಎಂದಲ್ಲ. ಕೈಯಿಂದ ಅಂಕಿ ಒತ್ತುವ ಪ್ರಲೋಭನೆಯನ್ನೇ ಆ ಉಪಕರಣ ಇಟ್ಟಿಲ್ಲ.

ವರ್ಡ್‌ನಲ್ಲಿ ಈ ಎಲ್ಲವೂ ಇದೆ, ಕಣ್ಣಿಗೆ ಬೀಳದಂತೆ ಇದೆ. ಅಂತಸ್ತನ್ನು ಹೇಳುವುದು ಹೋಮ್ ಟ್ಯಾಬಿನ ಸ್ಟೈಲ್‌ಗಳ ಸಾಲಿನಲ್ಲಿರುವ ಹೆಡಿಂಗ್ 1, ಹೆಡಿಂಗ್ 2, ಹೆಡಿಂಗ್ 3. ಒಟ್ಟು ಒಂಬತ್ತರ ತನಕ ಇವೆ. ಕಂಟ್ರೋಲ್, ಆಲ್ಟ್ ಒತ್ತಿ ಹಿಡಿದು 1, 2 ಅಥವಾ 3 ಒತ್ತಿದರೂ ಆಯಿತು. ಎಣಿಕೆಯನ್ನು ಹೇಳುವುದು ಬೇರೊಂದು ಜಾಗ: ಅದೇ ಟ್ಯಾಬಿನಲ್ಲಿ ಪ್ಯಾರಾಗ್ರಾಫ್ ಗುಂಪಿನ ಮಲ್ಟಿಲೆವೆಲ್ ಲಿಸ್ಟ್ ಗುಂಡಿ. ಎರಡನ್ನೂ ಬೆಸೆಯುವ ಬೀಗ ಮೂರನೆಯ ಕಡೆ ಅಡಗಿದೆ. ಆ ಗುಂಡಿಯೊಳಗಿನ ‘ಡಿಫೈನ್ ನ್ಯೂ ಮಲ್ಟಿಲೆವೆಲ್ ಲಿಸ್ಟ್’ ತೆರೆದು, ಅಲ್ಲಿ ‘ಮೋರ್’ ಒತ್ತಿ, ಕಾಣಿಸುವ ‘ಲಿಂಕ್ ಲೆವೆಲ್ ಟು ಸ್ಟೈಲ್’ ಎಂಬಲ್ಲಿ ಮೊದಲ ಮೆಟ್ಟಿಲಿಗೆ ಹೆಡಿಂಗ್ 1, ಎರಡನೆಯದಕ್ಕೆ ಹೆಡಿಂಗ್ 2 ಎಂದು ಆಯಬೇಕು. ಆತುರದವರಿಗೆ, ಗುಂಡಿಯ ಮಾದರಿಗಳಲ್ಲಿ ‘ಹೆಡಿಂಗ್’ ಎಂಬ ಮಾತು ಬರೆದಿರುವ ಮಾದರಿಯನ್ನು ಆಯ್ದರೆ ಈ ಬೆಸುಗೆ ಮೊದಲೇ ಆಗಿರುತ್ತದೆ. ಹತ್ತರಲ್ಲಿ ಒಂಬತ್ತು ಗೋಳು ಹುಟ್ಟುವುದು ಈ ಬೀಗ ಹಾಕದಿರುವುದರಿಂದ. ಜನ ಹೆಡಿಂಗ್ ಸ್ಟೈಲ್ ಕೊಡುತ್ತಾರೆ, ಆಮೇಲೆ ಶೀರ್ಷಿಕೆಯನ್ನು ಆಯ್ದು ಪಕ್ಕದ ಸಾದಾ ಪಟ್ಟಿಯ ಗುಂಡಿ ಒತ್ತುತ್ತಾರೆ. ಅಂಕಿ ಬಂದೂ ಬಿಡುತ್ತದೆ. ಆದರೆ ಅದು ಆ ಒಂದು ಸಾಲಿಗೆ ಬಂದ ಅಂಕಿ, ಆ ಅಂತಸ್ತಿಗೆ ಬಂದದ್ದಲ್ಲ. ನಾಲ್ಕು ಪುಟ ಕಳೆದ ಮೇಲೆ ಮತ್ತೆ 1ರಿಂದ ಶುರುವಾದಾಗ ಕಂಪ್ಯೂಟರನ್ನು ಬೈಯುತ್ತೇವೆ.

ಲಿಬ್ರೆಆಫೀಸ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಟೂಲ್ಸ್ ಮೆನುವಿನಲ್ಲಿ ಹೆಡಿಂಗ್ ನಂಬರಿಂಗ್ ಎಂದೇ ಒಂದು ಬಾಗಿಲಿದೆ, ಹಳೆಯ ಆವೃತ್ತಿಗಳಲ್ಲಿ ಅದಕ್ಕೆ ಚಾಪ್ಟರ್ ನಂಬರಿಂಗ್ ಎಂದು ಹೆಸರಿತ್ತು. ಹತ್ತು ಮೆಟ್ಟಿಲುಗಳನ್ನೂ ಅಲ್ಲೇ ಹೊಂದಿಸಿ, ಎಷ್ಟು ಮೇಲಿನ ಮೆಟ್ಟಿಲುಗಳ ಅಂಕಿ ಜೊತೆಗೆ ಕಾಣಬೇಕು ಎಂದು ಹೇಳಿದರೆ ಕೆಲಸ ಮುಗಿಯಿತು. ಗೂಗಲ್ ಡಾಕ್ಸ್‌ನಲ್ಲಿ ಆರು ಮೆಟ್ಟಿಲ ಹೆಡಿಂಗ್‌ಗಳಿದ್ದರೂ ಅವಕ್ಕೆ ಅಂಕಿ ಜೋಡಿಸುವ ಸ್ವಂತ ಸೌಕರ್ಯ ಬಹುಕಾಲ ಇರಲೇ ಇಲ್ಲ. ಆಡ್-ಆನ್‌ಗಳ ಮೊರೆ ಹೋಗಬೇಕಾಗುತ್ತಿತ್ತು. ಕೋಟ್ಯಂತರ ಜನ ಬಳಸುವ ಉಪಕರಣವೊಂದು ಇಷ್ಟು ಮೂಲಭೂತ ಸಂಗತಿಯನ್ನು ಬದಿಗಿಟ್ಟದ್ದು ನನಗೆ ಅರ್ಥವಾಗದ ಸಂಗತಿ.

ಎಣಿಕೆಯನ್ನು ಯಂತ್ರಕ್ಕೆ ಬಿಡಿ ಎನ್ನುವುದಕ್ಕೆ ಆಕ್ಷೇಪಗಳೂ ಇವೆ. ಮೊದಲನೆಯದು ಅನುಭವಸ್ಥರದೇ: ಸ್ವಯಂಚಾಲಿತ ಅಂಕಿ ನಂಬಿಕೆಗೆ ಅರ್ಹವಲ್ಲ, ಕೈಕೊಡುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ. ಅಂಕಿಯ ಜಾಗದಲ್ಲಿ ಕಪ್ಪು ಚೌಕ ಮೂಡುವ ಕಾಯಿಲೆ ವರ್ಡ್‌ಗೆ ಹಳೆಯದು. ಬೇರೆ ಕಡತದಿಂದ ಅಂಟಿಸಿದ ಶೀರ್ಷಿಕೆ ತನ್ನ ಊರಿನ ಪಟ್ಟಿಯನ್ನೂ ಜೊತೆಗೇ ತಂದು ಎಣಿಕೆಯನ್ನು ಇಬ್ಭಾಗ ಮಾಡುವುದುಂಟು. ಅಚ್ಚಾದ ವರದಿಗಳ ನಡುವೆ ‘ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್’ ಎಂಬ ಸಾಲು ದಪ್ಪಕ್ಷರದಲ್ಲಿ ನಿಂತಿರುವುದನ್ನು ನೋಡದ ಓದುಗರಿಲ್ಲ. ಆದರೆ ಈ ತಪ್ಪುಗಳ ಸ್ವಭಾವವನ್ನು ಗಮನಿಸಬೇಕು. ಇವು ಕೂಗಿ ಹೇಳುವ ತಪ್ಪುಗಳು. ಕೈಯಿಂದ ಒತ್ತಿದ ಅಂಕಿ ತಪ್ಪಿದಾಗ ಸುಮ್ಮನಿರುತ್ತದೆ, ಪರೀಕ್ಷಕರ ಕಣ್ಣಿಗೆ ಬೀಳುವ ತನಕ. ಎರಡನೆಯದಾಗಿ, ಇವುಗಳಲ್ಲಿ ಬಹುಪಾಲು ತಡೆಯಬಲ್ಲವು. ಬೇರೆಡೆಯಿಂದ ತಂದದ್ದನ್ನು ಬರಿಯ ಪಠ್ಯವಾಗಿ ಅಂಟಿಸಿ ಆಮೇಲೆ ಸ್ಟೈಲ್ ಕೊಟ್ಟರೆ ಪರವೂರಿನ ಪಟ್ಟಿ ಒಳಗೆ ಬಾರದು. ಉಲ್ಲೇಖಗಳನ್ನು ಕ್ರಾಸ್ ರೆಫರೆನ್ಸ್ ಆಜ್ಞೆಯಿಂದಲೇ ಹಾಕಿದರೆ ವರ್ಡ್ ಆ ಶೀರ್ಷಿಕೆಗೆ ಕಾಣದ ಗುರುತೊಂದನ್ನು ಕಟ್ಟಿಕೊಳ್ಳುತ್ತದೆ. ಲೇಟೆಕ್‌ನಲ್ಲಿ ಲೇಖಕರೇ ಇಡುವ ಹೆಸರು ಇದೇ. ಇಲ್ಲಿ ತೆರೆಯ ಹಿಂದಿದೆ ಅಷ್ಟೆ. ಮುದ್ರಿಸುವ ಮುನ್ನ ಇಡೀ ಕಡತವನ್ನು ಆಯ್ದು ಎಫ್9 ಒತ್ತಿದರೆ ಎಲ್ಲ ಉಲ್ಲೇಖಗಳೂ ಹೊಸ ಲೆಕ್ಕಕ್ಕೆ ಬರುತ್ತವೆ, ಅಳಿಸಿಹೋದ ಶೀರ್ಷಿಕೆಯನ್ನು ಕರೆಯುತ್ತಿರುವ ಉಲ್ಲೇಖ ಆಗಲೇ ಚೀರುತ್ತದೆ. ಅಚ್ಚಿನಲ್ಲಿ ಕಾಣುವ ಆ ಅವಮಾನದ ಸಾಲು ಎಫ್9 ಒತ್ತಿ, ಒಮ್ಮೆ ಕಣ್ಣಾಡಿಸದೆ ಕಳುಹಿಸಿದವರ ಗುರುತು.

ಕನ್ನಡದಲ್ಲಿ ಬರೆಯುವವರಿಗೆ ಇದಲ್ಲದೆ ಬೇರೆ ತೊಡಕುಗಳಿವೆ, ಇಂಗ್ಲಿಷಿನ ಕೈಪಿಡಿಗಳು ಅವನ್ನು ಹೇಳುವುದಿಲ್ಲ. ವರ್ಡ್ ಪ್ರತಿ ಸ್ಟೈಲ್‌ನಲ್ಲೂ ಎರಡು ಫಾಂಟು ಇಟ್ಟುಕೊಂಡಿರುತ್ತದೆ, ಲ್ಯಾಟಿನ್ ಅಕ್ಷರಗಳಿಗೆ ಒಂದು, ಕನ್ನಡದಂಥ ಸಂಕೀರ್ಣ ಲಿಪಿಗಳಿಗೆ ಇನ್ನೊಂದು. ಅವುಗಳ ಗಾತ್ರ, ದಪ್ಪ ಕೂಡ ಬೇರೆ ಬೇರೆ. 1.2 ಎಂಬ ಅಂಕಿ ಮೊದಲನೆಯ ಪಾಲಿಗೆ, ‘ಅಧ್ಯಯನದ ವ್ಯಾಪ್ತಿ’ ಎಂಬ ಮಾತು ಎರಡನೆಯ ಪಾಲಿಗೆ. ಹೀಗಾಗಿ ಅಂಕಿ ಲ್ಯಾಟಿನ್ ಫಾಂಟಿನಲ್ಲಿ ದೊಡ್ಡದಾಗಿ, ಶೀರ್ಷಿಕೆ ತುಂಗಾದಲ್ಲೋ ನಿರ್ಮಲಾದಲ್ಲೋ ಚಿಕ್ಕದಾಗಿ ನಿಂತು, ಎರವಲು ಅಂಗಿ ತೊಟ್ಟವರಂತೆ ಕಾಣುತ್ತವೆ. ಇದನ್ನು ನೋಡಿ ರೋಸಿದವರು ಅಂಕಿಯನ್ನು ತೆಗೆದು ಕೈಯಿಂದ ಒತ್ತುತ್ತಾರೆ. ಬೇಕಾದದ್ದು ಒಂದೇ ಸಲದ ಕೆಲಸ: ಸಾಲನ್ನಲ್ಲ, ಸ್ಟೈಲ್ ಅನ್ನೇ ತಿದ್ದಲು ತೆರೆದು ಫಾಂಟಿನ ಎರಡೂ ಪಾಲಿಗೆ ಒಂದೇ ಗಾತ್ರ, ಒಂದೇ ದಪ್ಪ ಕೊಡುವುದು. ಲಿಬ್ರೆಆಫೀಸ್‌ನಲ್ಲೂ ಇದೇ ವಿಭಜನೆ ಇದೆ, ಅದೇ ಮದ್ದು. ಇನ್ನೊಂದು ತೊಡಕಿಗೆ ಮದ್ದು ನಮ್ಮ ಕೈಯಲ್ಲಿಲ್ಲ. ವರ್ಡ್ ಕಡತಗಳ ಸ್ವರೂಪವನ್ನು 2006ರಲ್ಲಿ ಮಾನದಂಡವಾಗಿ ದಾಖಲಿಸಿದಾಗ ಎಣಿಕೆಯ ಬಗೆಗಳ ಪಟ್ಟಿಯಲ್ಲಿ ಹಿಂದಿಯ ಸ್ವರ, ವ್ಯಂಜನ, ಅಂಕಿಗಳು ಬಂದವು, ಥಾಯ್ ಬಂತು, ಹೀಬ್ರೂ ಬಂತು, ಕನ್ನಡ ಬರಲಿಲ್ಲ. ೧, ೨, ೩ ಎಂದಾಗಲಿ, ಅ, ಆ, ಇ ಎಂದಾಗಲಿ ತಾನಾಗಿ ಎಣಿಸು ಎಂದರೆ ಆ ಪಟ್ಟಿಗೆ ತಿಳಿಯದು. ಜಾಲಪುಟಗಳನ್ನು ಸಿಂಗರಿಸುವ ಸಿಎಸ್‌ಎಸ್ ಭಾಷೆಯಲ್ಲಿ ಮಾತ್ರ ‘ಕನ್ನಡ’ ಎಂಬ ಎಣಿಕೆಯ ಬಗೆಗೆ ಹೆಸರು ಹಿಡಿದು ಜಾಗವಿದೆ. ಕನ್ನಡ ಅಂಕಿಯೇ ಬೇಕು ಎಂದು ಹಟ ಹಿಡಿದವರು ವರ್ಡ್‌ನಲ್ಲಿ ಕೈಯಿಂದ ಒತ್ತಿದರೆ ಅವರನ್ನು ನಾನು ದೂರಲಾರೆ. ಆದರೆ ನಮ್ಮ ಹೆಚ್ಚಿನ ಪ್ರಬಂಧಗಳಲ್ಲಿ 1, 2, 3 ಸಲೀಸಾಗಿ ನಡೆಯುತ್ತಿರುವಾಗ ಈ ಕೊರತೆ ನೆಪವಾಗಬಾರದು.

ಈ ಕೊರತೆಗೆ ಎದುರಾಗಿ ಕನ್ನಡಕ್ಕೇ ಒದಗಿದ ಒಂದು ಅನುಕೂಲವೂ ಇದೆ, ಅದನ್ನು ಯಾರೂ ಎತ್ತಿ ಹೇಳಿದಂತಿಲ್ಲ. ತಾನಾಗಿ ಬದಲಾಗುವ ಅಂಕಿಯನ್ನು ವಾಕ್ಯದೊಳಗೆ ಕೂರಿಸಿದರೆ ಅದರ ಸುತ್ತಲಿನ ವ್ಯಾಕರಣ ಏನಾಗುತ್ತದೆ? ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ, ಎರಡನೆಯದಕ್ಕೆ, ಮೂರನೆಯದಕ್ಕೆ ಬಾಲ ಬೇರೆ ಬೇರೆ. ಟರ್ಕಿಯ ಭಾಷೆಯಲ್ಲಿ 3ಕ್ಕೆ ಹತ್ತುವ ಸಪ್ತಮಿಯ ರೂಪ 6ಕ್ಕೆ ಹತ್ತುವುದಿಲ್ಲ, ಸ್ವರ ಹೊಂದಬೇಕು. ಹಂಗೆರಿಯವರ ಭಾಷೆಯಲ್ಲಿ ಅಂಕಿಯ ಉಚ್ಚಾರಕ್ಕೆ ತಕ್ಕಂತೆ ಅದರ ಹಿಂದಿನ ಪದವೇ ಬದಲಾಗಬೇಕಾದ್ದರಿಂದ ಲೇಟೆಕ್‌ನಲ್ಲಿ ಅದಕ್ಕೆಂದೇ ವಿಶೇಷ ಆಜ್ಞೆಗಳನ್ನು ಬರೆಯಬೇಕಾಯಿತು. ಕನ್ನಡದಲ್ಲಿ ಒಂದರಲ್ಲಿ, ಎರಡರಲ್ಲಿ, ಹತ್ತರಲ್ಲಿ, ಇಪ್ಪತ್ತೇಳರಲ್ಲಿ: ಅಂಕಿ ಯಾವುದಾದರೂ ‘ರಲ್ಲಿ’. ಒಂದಕ್ಕೆ, ಐದಕ್ಕೆ, ಒಂಬತ್ತಕ್ಕೆ: ಯಾವುದಾದರೂ ‘ಕ್ಕೆ’. ‘ರ’, ‘ರಿಂದ’, ‘ನ್ನು’, ‘ನೆಯ’ ಎಲ್ಲವೂ ಹಾಗೆಯೇ ಅಲುಗದೆ ನಿಲ್ಲುತ್ತವೆ. ಮೇಲಾಗಿ ಎಲ್ಲವೂ ವ್ಯಂಜನದಿಂದ ಆರಂಭವಾಗುವುದರಿಂದ ಅಂಕಿಯ ಬೆನ್ನಿಗೆ ಚೊಕ್ಕವಾಗಿ ಕೂರುತ್ತವೆ. ‘ಎರಡೇ’ ಎಂಬ ಒತ್ತಿನ ಏಕಾರವನ್ನು ಮಾತ್ರ 2ಕ್ಕೆ ಅಂಟಿಸಲಾಗದು, ಅದು ಶೀರ್ಷಿಕೆಯ ಉಲ್ಲೇಖದಲ್ಲಿ ಬೇಕಾಗುವುದೂ ಕಡಿಮೆ. 3.2ರಲ್ಲಿ ಎಂದು ಬರೆದದ್ದು ನಾಳೆ 4.7ರಲ್ಲಿ ಆದರೂ ವಾಕ್ಯ ಕೆಡದು. ಸಾವಿರ ಮುಟ್ಟಿದರೆ ‘ದಲ್ಲಿ’ ಬೇಕಾಗುತ್ತದೆ, ನಿಜ. ಸಾವಿರ ಅಧ್ಯಾಯ ಬರೆಯುವವರಿಗೆ ಬೇರೆ ಚಿಂತೆಗಳಿರುತ್ತವೆ. ಇದೇ ಗುಣದಿಂದ ಮೊದಲ ಮೆಟ್ಟಿಲಿನ ಅಂಕಿಯ ಮುಂದೆ ‘ನೆಯ ಅಧ್ಯಾಯ’ ಎಂಬ ಪಠ್ಯವನ್ನು ಪಟ್ಟಿಯ ವಿವರದಲ್ಲೇ ಸೇರಿಸಿಟ್ಟರೆ ‘1ನೆಯ ಅಧ್ಯಾಯ’, ‘2ನೆಯ ಅಧ್ಯಾಯ’ ಎಂದು ತಾನಾಗಿ ಬರುತ್ತದೆ. ಸ್ವಯಂಚಾಲಿತ ಉಲ್ಲೇಖಕ್ಕೆ ಇಷ್ಟು ಒಗ್ಗುವ ವಿಭಕ್ತಿ ಇಟ್ಟುಕೊಂಡು ನಾವು ಕೈಯಿಂದ ಒತ್ತುತ್ತಿದ್ದೇವೆ!

ಗಂಭೀರವಾದ ಆಕ್ಷೇಪ ಕಾನೂನಿನದು. ಸಂವಿಧಾನಕ್ಕೆ 86ನೆಯ ತಿದ್ದುಪಡಿಯಿಂದ ಶಿಕ್ಷಣದ ಹಕ್ಕು ಸೇರಿದಾಗ ಅದು 22 ಆಗಲಿಲ್ಲ, 21ಎ ಆಯಿತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ 98ನೆಯ ತಿದ್ದುಪಡಿ 371ಜೆ ಆಗಿ ನಿಂತಿತು. ಆಸ್ತಿಯ ಹಕ್ಕಿನ 31ನೆಯ ಅನುಚ್ಛೇದವನ್ನು 1978ರಲ್ಲಿ ತೆಗೆದರೂ 32 ಒಂದು ಹೆಜ್ಜೆ ಹಿಂದೆ ಸರಿದು ಆ ಜಾಗ ತುಂಬಲಿಲ್ಲ. ಇಲ್ಲಿ ಯಂತ್ರ ಎಣಿಸಿದ್ದರೆ ಅನಾಹುತವೇ ಆಗುತ್ತಿತ್ತು. ಸರ್ಕಾರಿ ಕಡತಗಳ ಟಿಪ್ಪಣಿ ಹಾಳೆಯಲ್ಲೂ ಹಾಗೆ: ಒಬ್ಬ ಅಧಿಕಾರಿ ‘ಕಂಡಿಕೆ 14ರಲ್ಲಿ ಪ್ರಸ್ತಾಪಿಸಿದಂತೆ’ ಎಂದು ಸಹಿ ಹಾಕಿದ ಮೇಲೆ ಆ ಕಂಡಿಕೆ 15 ಆಗುವಂತಿಲ್ಲ. ಆದರೆ ಇದು ಸ್ವಯಂಚಾಲಿತ ಅಂಕಿಯ ವಿರುದ್ಧದ ವಾದವಲ್ಲ. ಅದು ಎಲ್ಲಿ ನಿಲ್ಲಬೇಕು ಎಂಬುದರ ವಾದ. ಅದೇ ಸಂವಿಧಾನ ಕರಡಾಗಿದ್ದಾಗ 315 ಅನುಚ್ಛೇದಗಳಿದ್ದವು, ಮುಗಿದಾಗ 395. ಅಂಬೇಡ್ಕರ್ 1948ರ ಡಿಸೆಂಬರಿನಲ್ಲಿ ಸಂವಿಧಾನದ ಆತ್ಮ, ಹೃದಯ ಎಂದು ಕರೆದದ್ದು ಕರಡಿನ 25ನೆಯ ಅನುಚ್ಛೇದವನ್ನು. ನಾವು ಇಂದು 32 ಎಂದು ಓದುವುದು ಅದನ್ನೇ. ಕರಡಿನ ಅಂಕಿ ಹರಿಯುತ್ತಿತ್ತು, ಅಂಗೀಕಾರವಾದ ಮೇಲೆ ಗಟ್ಟಿಯಾಯಿತು. ಓದುಗರ ಕೈಗೆ ಹೋಗುವ ತನಕ ಅಂಕಿ ಲೆಕ್ಕ, ಹೋದ ಮೇಲೆ ಹೆಸರು. ವರ್ಡ್‌ನಲ್ಲೂ ಈ ಗಟ್ಟಿಗೊಳಿಸುವಿಕೆ ಇದೆ: ಕಡತದ ಎಲ್ಲ ಸ್ವಯಂ ಅಂಕಿಗಳನ್ನು ಒಂದೇ ಆಜ್ಞೆಯಲ್ಲಿ ಸಾದಾ ಪಠ್ಯವಾಗಿಸುವ ಮ್ಯಾಕ್ರೋ ಸೌಕರ್ಯ ಅದಕ್ಕುಂಟು. ಆಗ ಮುಂದಿನ ಆವೃತ್ತಿಯಲ್ಲಿ ಏನು ಸೇರಿಸಿದರೂ ಅದು 21ಎ ಆಗಬೇಕು. ಅಲ್ಲಿಂದಾಚೆಗೆ ಲೇಖಕರು ಶಾಸಕರಂತೆ ನಡೆದುಕೊಳ್ಳಲಿ, ಅದಕ್ಕೆ ಮುಂಚೆ ಅಲ್ಲ.

ಮುದ್ರಣಾಲಯದವರ ಆಕ್ಷೇಪಕ್ಕೂ ಇದೇ ಉತ್ತರ. ಸ್ವಯಂ ಅಂಕಿ ಪಠ್ಯದ ಭಾಗವಲ್ಲದ ಕಾರಣ, ಕಡತವನ್ನು ಪುಟ ವಿನ್ಯಾಸದ ತಂತ್ರಾಂಶಕ್ಕೆ ಒಯ್ಯುವಾಗ ಅಥವಾ ಯೂನಿಕೋಡ್‌ನಿಂದ ಹಳೆಯ ಆಸ್ಕಿ ಫಾಂಟಿಗೆ ತಿರುಗಿಸುವಾಗ ಅದು ಕಳಚಿಬೀಳಬಹುದು. ಆದ್ದರಿಂದ ನಮಗೆ ಒತ್ತಿದ ಅಂಕಿಯೇ ಬೇಕು ಎನ್ನುತ್ತಾರೆ. ಕೊಡಬಹುದು, ಕೊನೆಯ ಪ್ರತಿಯಲ್ಲಿ, ಗಟ್ಟಿಗೊಳಿಸಿದ ಮೇಲೆ. ಜೊತೆಗೊಂದು ಪಿಡಿಎಫ್ ಇಟ್ಟರೆ ಹೋಲಿಸಿ ನೋಡಲೂ ಆಯಿತು. ಮುದ್ರಣದ ಕೊನೆಯ ಒಂದು ದಿನದ ಅನುಕೂಲಕ್ಕಾಗಿ ಬರವಣಿಗೆಯ ಎರಡು ವರ್ಷ ಕೈಯಲ್ಲಿ ಎಣಿಸಬೇಕಿಲ್ಲ.

ಸಾಹಿತ್ಯದವರ ಅಸಮಾಧಾನ ಬೇರೆ ಬಗೆಯದು. ವಿಮರ್ಶೆಯ ಬರಹಕ್ಕೆ 2.3.1 ಎಂದು ಹಣೆಗೆ ಅಂಟಿಸಿದರೆ ಅದು ಲೋಕೋಪಯೋಗಿ ಇಲಾಖೆಯ ಅಂದಾಜು ಪಟ್ಟಿಯಂತೆ ಕಾಣುತ್ತದೆ ಎನ್ನುತ್ತಾರೆ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಂಕಿ ಎಲ್ಲ ಬರಹಕ್ಕೂ ಬೇಕಿಲ್ಲ. ಎರಡು ಪುಟದ ಪತ್ರಕ್ಕಂತೂ ಬೇಡವೇ ಬೇಡ. ಬೇಕಾದಲ್ಲಿಯೂ ಒಂಬತ್ತು ಮೆಟ್ಟಿಲು ಇವೆ ಎಂದು ಒಂಬತ್ತನ್ನೂ ಏರಬೇಕಾಗಿಲ್ಲ. ಲೇಟೆಕ್‌ನ ಪುಸ್ತಕದ ಮಾದರಿ ಅಧ್ಯಾಯ, ಭಾಗ, ಉಪಭಾಗ ಈ ಮೂರಕ್ಕೆ ಅಂಕಿ ಕೊಟ್ಟು ಅದರ ಕೆಳಗಿನವನ್ನು ಬರಿಯ ಹೆಸರಿನಲ್ಲಿ ಬಿಡುತ್ತದೆ. ಮೂರು ಸಾಕು. ನಾಲ್ಕನೆಯ ಅಂಕಿ ಬೇಕೆನ್ನಿಸಿದರೆ ಅಧ್ಯಾಯವನ್ನೇ ಒಡೆಯಬೇಕಾಗಿದೆ ಎಂದು ತಿಳಿಯಬಹುದು. ಆದರೆ ಅಂಕಿ ಬೇಡ ಎನ್ನುವವರೂ ಅಂತಸ್ತನ್ನು ಹೇಳಲೇಬೇಕು. ಶೀರ್ಷಿಕೆಯನ್ನು ಬರಿಯ ದಪ್ಪ ಅಕ್ಷರ ಮಾಡಿ ಬಿಟ್ಟರೆ ಪರಿವಿಡಿ ತಾನಾಗಿ ಬರದು, ಪಿಡಿಎಫ್‌ನ ಪಕ್ಕದಲ್ಲಿ ಒತ್ತಿ ಹಾರಬಲ್ಲ ಸೂಚಿ ಬರದು. ಕಣ್ಣು ಕಾಣದ ಓದುಗರು ಎನ್‌ವಿಡಿಎಯಂಥ ಉಚಿತ ತೆರೆವಾಚಕದಲ್ಲಿ ಒಂದು ಕೀಲಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ದಾಟುತ್ತಾರೆ. ಕನ್ನಡವನ್ನೂ ಓದಿ ಹೇಳುವ ಧ್ವನಿ ಅದರಲ್ಲಿದೆ. ಹೆಡಿಂಗ್ ಸ್ಟೈಲ್ ಇಲ್ಲದ ಪ್ರಬಂಧ ಅವರ ಪಾಲಿಗೆ ಬಾಗಿಲುಗಳಿಲ್ಲದ ಮುನ್ನೂರು ಪುಟದ ಓಣಿ. ಸ್ಟೈಲ್ ಇಟ್ಟುಕೊಂಡು ಅಂಕಿಯನ್ನಷ್ಟೇ ಮರೆಮಾಡಲು ಯಾವ ತಂತ್ರಾಂಶವೂ ತಕರಾರು ಮಾಡುವುದಿಲ್ಲ.

ಇಷ್ಟಾದರೂ ಪ್ರತಿ ಸಂಶೋಧನಾರ್ಥಿಯೂ ಮಲ್ಟಿಲೆವೆಲ್ ಲಿಸ್ಟಿನ ಒಳಮನೆಯನ್ನು ಹೊಕ್ಕು ಬರಬೇಕೆಂದು ನಾನು ಹೇಳುವುದಿಲ್ಲ. ಬೀಗವನ್ನು ಒಬ್ಬರು ಸರಿಯಾಗಿ ಹಾಕಿದರೆ ಸಾವಿರ ಜನ ಬಳಸಬಹುದು. ನಮ್ಮ ವಿಶ್ವವಿದ್ಯಾಲಯಗಳು ಪ್ರಬಂಧದ ಅಂಚು ಎಷ್ಟಿರಬೇಕು, ಸಾಲುಗಳ ಅಂತರ ಎಷ್ಟಿರಬೇಕು, ರಟ್ಟಿನ ಬಣ್ಣ ಯಾವುದಿರಬೇಕು ಎಂದು ನಿಯಮಾವಳಿ ಕೊಡುತ್ತವೆ. ಅದರ ಜೊತೆಗೆ ಹೆಡಿಂಗ್ 1ರಿಂದ 3ರ ತನಕ ಅಂಕಿಗೆ ಬೆಸೆದ, ಲ್ಯಾಟಿನ್ ಮತ್ತು ಕನ್ನಡ ಫಾಂಟುಗಳ ಗಾತ್ರ ಹೊಂದಿಸಿದ, ಪರಿವಿಡಿ ಕೂರಿಸಿಟ್ಟ ಒಂದು ಖಾಲಿ ಟೆಂಪ್ಲೇಟ್ ಕಡತವನ್ನೂ ಕೊಡಲಿ, ವರ್ಡ್‌ಗೊಂದು, ಲಿಬ್ರೆಆಫೀಸ್‌ಗೊಂದು. ತಿಳಿದವರಿಗೆ ಅದು ಒಂದು ಮಧ್ಯಾಹ್ನದ ಕೆಲಸ.